ಅತ್ತಾರ ಕಾಕಾನ ಮೂಗು

ಮೊದಲ ಶೀಶೆಯ ಮುಚ್ಚಳ ಪೂರಾ ತಿರುಗುವ ಮೊದಲೇ
ಲವಂಗ ಅಂದರು.
ಎರಡನೆಯದು ಸಾಬೂನು.
ಮೂರನೆಯದಕ್ಕೆ ಮೂಗು ಹಿಂದೆಳೆದು,
"ಗುಲಾಬಿ ಅಂತ ಬರದಿದ್ದರ ಅಳಿಸು, ತಂಗಿ.
ಇದು ಗುಲಾಬಿ ಹೆಸರಿನ ಎಣ್ಣಿ.
ಯಾವನೋ ನಿಮಗ ಮೋಸ ಮಾಡ್ಯಾನ."
ಹನ್ನೆರಡಕ್ಕೆ ಹನ್ನೆರಡು.
ಮಗಳು ಮೆಹರೂನ್ ಚಪ್ಪಾಳೆ ತಟ್ಟಿಬಿಟ್ಟಳು
ಪುಣೆಯ ಆ ತಣ್ಣನೆಯ ಕೋಣೆಯಲ್ಲಿ.

ಡಾಕ್ಟರು ತಟ್ಟಲಿಲ್ಲ.
ನಾನೂ.

ವಿಜಾಪುರದ ದಸ್ತಗೀರಸಾಬ ಅತ್ತಾರ.
ಕ್ಯಾಂಪಿನ ಗಲ್ಲಿಯಲ್ಲಿ ನಲವತ್ತು ವರ್ಷದ ಗೇಣಗಲ ಅಂಗಡಿ.
ಗಿರಾಕಿಯ ಮಣಿಕಟ್ಟಿಗೆ ಖಸ್ಸಿನ ಒಂದು ಗೆರೆ ಎಳೆದು
"ಒಣಗಲಿ, ಈಗಲೇ ಮೂಸಬ್ಯಾಡ್ರಿ" ಅನ್ನುತ್ತಿದ್ದವರು
ಈಗ ಹಿಮ್ಮುಖವಾಗಿ ಬೀಳುತ್ತಾರೆ,
ಯಾರೋ ಕಾಲರು ಹಿಡಿದು ಎಳೆದ ಹಾಗೆ.
ಕಣ್ಣು ಕೆಳಗಿಳಿಯುವುದಿಲ್ಲ. ಮೆಟ್ಟಿಲು ಕಾಣುವುದಿಲ್ಲ.
ಅನ್ನ ಕಾಣಬೇಕಾದರೆ ತಟ್ಟೆಯನ್ನೇ ಎತ್ತಬೇಕು.
ವರ್ಷದಿಂದ ನುಂಗಿದ ಗುಳಿಗೆ ಕಲ್ಲಿನ ಮೇಲೆ ನೀರು.
ಹಳೆಯ ಚೀಟಿಯಲ್ಲಿ 'ಪಾರ್ಕಿನ್ಸನ್ಸ್' ಎಂದಿದೆ,
ಮುಂದೊಂದು ಪ್ರಶ್ನಾರ್ಥಕ ಚಿಹ್ನೆ.

ಆ ಕೊಕ್ಕೆಗೇ ನನ್ನ ಸಂಬಳ.

ಬೆನ್ನಿನ ನೀರು ನನ್ನ ಕೈಗೆ ಬಂದಾಗ ತಿಳಿಯಾಗಿತ್ತು,
ನಳದ ನೀರು ನಾಚುವಷ್ಟು.
ನಾನು ಮಾಡುವುದು ಅವ್ವ ಮಾಡುತ್ತಿದ್ದ ಕೆಲಸವೇ:
ಹೆಪ್ಪು ಹಾಕಿ ಕಾಯುವುದು.
ವಕ್ರವಾಗಿ ಮಡಚಿದ ಪ್ರೋಟೀನಿನ ಒಂದೇ ಎಳೆ ಇದ್ದರೂ
ನೆಟ್ಟಗಿದ್ದವನ್ನೆಲ್ಲ ತನ್ನಂತೆ ಮಡಚುತ್ತದೆ,
ಹನಿ ಮಜ್ಜಿಗೆ ಗಡಿಗೆ ಹಾಲನ್ನು ಕೆಡಿಸಿದಂತೆ
(ಕೆಡಿಸಿದಂತೆ ಅಂದರೆ ಅವ್ವ ಬೈದಾಳು).
ಆಗ ತಟ್ಟೆಯ ಕುಳಿಗಳಲ್ಲಿ ಹಸಿರು ಬೆಳಕು ಏರುತ್ತದೆ.
ಮೂರು ಹಗಲು, ಮೂರು ರಾತ್ರಿ
ಯಂತ್ರ ಆ ತಟ್ಟೆಯನ್ನು ನಡುಗಿಸುತ್ತಲೇ ಇರುತ್ತದೆ.
ಕಾಕಾನ ಕೈ ನಡುಗುವುದಿಲ್ಲ.
ನಡುಕವನ್ನೆಲ್ಲ ನನ್ನ ಯಂತ್ರಕ್ಕೆ ಒಪ್ಪಿಸಿದಂತೆ
ತೊಡೆಯ ಮೇಲೆ ಮಲಗಿರುತ್ತವೆ, ಮರದವು, ಎರಡು.

ನಾಲ್ಕನೆಯ ಬೆಳಿಗ್ಗೆ
ಬೇರೆಯವರ ಕುಳಿಗಳಲ್ಲಿ ಗೆರೆ ಗುಡ್ಡ ಹತ್ತಿತ್ತು.
ಕಾಕಾನ ಮೂರೂ ಕುಳಿ ಚಪ್ಪಟೆ.
ಹಾಲು ಹಾಲಾಗಿಯೇ ಉಳಿದಿತ್ತು.
ಇನ್ನೊಂದು ಅಂಕಿ ಮಾತ್ರ, ಮುರಿದ ನರಗಳ ಚೂರು ಎಣಿಸುವುದು,
ಇರಬೇಕಾದ್ದಕ್ಕಿಂತ ಮೂರು ಪಟ್ಟು.
ಸ್ಕ್ಯಾನಿನಲ್ಲಿ ಮಿದುಳಿನ ನಡು ಸವೆದು
ಹಕ್ಕಿಯ ಆಕಾರ: ಉದ್ದ ಕೊಕ್ಕು, ಸಣ್ಣ ತಲೆ,
ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡಿಯುವ ಜಾತಿ.
ಎಲ್ಲ ಬಿಟ್ಟು ಅತ್ತರದವನ ತಲೆಯೇ ಬೇಕಾಯಿತೆ ಅದಕ್ಕೆ!

ಮೆಹರೂನಳಿಗೆ ಹೇಗೆ ಹೇಳಲಿ,
ಈ ಲೆಕ್ಕದಲ್ಲಿ ಮೂಗು ಸೋತಿದ್ದರೆ ಚೆನ್ನಾಗಿತ್ತು,
ಹೆಪ್ಪು ಕೂಡಿದ್ದರೆ ಚೆನ್ನಾಗಿತ್ತು,
ಕೈ ನಡುಗಿದ್ದರೆ ಸಕ್ಕರೆ ಹಂಚಬಹುದಿತ್ತು ಎಂದು.
ಆ ರೋಗಕ್ಕೆ ಗುಳಿಗೆ ಇದೆ, ವರ್ಷಗಳಿವೆ.
ಇದಕ್ಕೆ ಇರುವುದು ಒಂದು ಹೆಸರು.
ಅದರ ಹಿಂದೆಯೂ ಡಾಕ್ಟರು 'ಬಹುಶಃ' ಹಚ್ಚಿದ್ದಾರೆ.

ವರದಿ ಒಯ್ಯಲು ಬಂದ ದಿನ ಕಾಕಾ ಕೇಳಿದರು.
ಮಾತು ಇನ್ನೂ ನಿಧಾನ,
ಶೀಶೆಯ ಕೊರಳಲ್ಲಿ ಇಳಿಯುವ ಗಂಧದೆಣ್ಣೆ.
"ತಂಗಿ, ನನ್ನ ಬೆನ್ನಾಗಿನ ನೀರಿಗೆ ಏನು ವಾಸನಿ?"

ಏನೂ ಇಲ್ಲ ಕಾಕಾ, ಅಂದೆ.

ಬಹಳ ಹೊತ್ತು ರೆಪ್ಪೆ ಬಡಿಯದೆ ಕೂತಿದ್ದರು.
"ಏನೂ ಇಲ್ಲದ ನೀರು ಇರೂದಿಲ್ಲ.
ನೀ ಒಣಗೂ ತನಕ ಕಾದಿಲ್ಲ."

ಮೆಹರೂನ್ ಗಾಲಿಕುರ್ಚಿಯ ಬ್ರೇಕು ಬಿಚ್ಚಿದಳು.