ಏಳೂವರೆ ಸೆಂಟಿಮೀಟರ್

ಮಂಡ್ಯ ತಾಲ್ಲೂಕು ಕಚೇರಿಯ ಹಿಂದೆ, ಟೀ ಅಂಗಡಿಗೆ ಅಂಟಿಕೊಂಡು
ಚಿಕ್ಕತಾಯಮ್ಮನ ಜೆರಾಕ್ಸ್ ಅಂಗಡಿ.
ಫೋನಿನಲ್ಲಿ ಅವಳದು ಒಂದೇ ಮಾತು:
'ಬಿರ್ರನೆ ಬಾ ಕೆಂಚಣ್ಣ, ಚುಕ್ಕೆ ಬತ್ತಾದೆ.'

ಚುಕ್ಕೆ ಅಂದರೆ ಎಳ್ಳಿನಷ್ಟು.
ಹೋಗಿ ಕೂತದ್ದು ಮಾತ್ರ
ಹೊಳಲಿನ ಬೋರಲಿಂಗಯ್ಯನವರ ಪೌತಿ ಖಾತೆ ಅರ್ಜಿಯಲ್ಲಿ,
ಹನ್ನೆರಡು ಗುಂಟೆಯ ಒಂದಕ್ಕೂ ಎರಡಕ್ಕೂ ನಡುವೆ.
ಗುಮಾಸ್ತ ಕನ್ನಡಕ ಏರಿಸಿ ಓದಿದನಂತೆ:
ಒಂದು ಪಾಯಿಂಟ್ ಎರಡು.
ಮುದುಕರು ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದರು.
'ಉಳಿದದ್ದು ಯಾರ್ ತಿಂದ್ರವ್ವ, ನಿನ್ ಮಿಶನ್ನಾ?'

ಮೊದಲು ಟೋನರ್ ತೆಗೆದೆ. ರಾಗಿ ಕೇರುವವರ ಹಾಗೆ
ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸಿದೆ.
ಅದು ಮಸುಕಿಗೆ ಮದ್ದು, ಚುಕ್ಕೆಗಲ್ಲ.
ಗೊತ್ತಿದ್ದೇ ಮಾಡಿದೆ,
ನೋಡುತ್ತ ನಿಂತವರಿಗೂ ಏನಾದರೂ ಬೇಕಲ್ಲ.
ಹೆಬ್ಬೆರಳಲ್ಲಿ ಅಕ್ಷರ ಉಜ್ಜಿದೆ, ಏಳಲಿಲ್ಲ.
ಕಾಯುವ ಉರುಳೆ ನೆಟ್ಟಗಿದೆ.

ಆಮೇಲೆ ಸ್ಕೇಲು ಕೇಳಿದೆ.
ಅವಳ ಮಗಳ ಕಂಪಾಸ್ ಡಬ್ಬಿಯಿಂದ ಬಂತು, ತುದಿ ಕಚ್ಚಿದ್ದು.
ಚುಕ್ಕೆಯಿಂದ ಚುಕ್ಕೆಗೆ ಏಳೂವರೆ ಸೆಂಟಿಮೀಟರ್.
ಮತ್ತೆ ಏಳೂವರೆ.
ಮತ್ತೆ.
ಒಂದೇ ಗಾಯ, ಹಾಳೆಯುದ್ದಕ್ಕೂ ಸುತ್ತಿ ಸುತ್ತಿ ಬಂದು
ತನ್ನ ಸುತ್ತಳತೆ ತಾನೇ ಒಪ್ಪಿಸುತ್ತಿತ್ತು:
ಡ್ರಮ್ಮು.

'ಬಾಗಿಲು ಮುಚ್ಚಿ' ಅಂದೆ. ಅದಕ್ಕೆ ಬಿಸಿಲು ಆಗದು,
ಬಾಣಂತಿ ಕೋಣೆಯ ಕೂಸಿನ ಹಾಗೆ ಬಟ್ಟೆ ಹೊದಿಸಿಯೇ ಇರಬೇಕು.
ಹಸಿರು ಮೈಮೇಲೆ ಉಗುರು ಗೀರಿದಷ್ಟು ಗುರುತು.
ಒಳಗೆ ಸಿಕ್ಕಿತು ಸ್ಟೇಪ್ಲರ್ ಪಿನ್ನು, ಅರ್ಧ.
ಚಿಕ್ಕತಾಯಮ್ಮ ಬೀದಿ ಕಡೆ ನೋಡಿದಳು.
ಒಂದು ಮಗ್ಗುಲು ಖಾಲಿಯಿದ್ದ ಹಳೇ ಅರ್ಜಿಗಳನ್ನು
ತಿರುವಿ ಹಾಕಿ ಹಾಳೆ ಉಳಿಸುತ್ತಿದ್ದದ್ದನ್ನು
ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಬಿಲ್ಲಿನಲ್ಲಿ ಐವತ್ತು ಬಿಟ್ಟೆ.

ಹೊಸ ಹಾಳೆ ಬೆಚ್ಚಗೆ ಬಂತು.
ಬೋರಲಿಂಗಯ್ಯ ಓದಲಿಲ್ಲ. ಬೆರಳಲ್ಲಿ ಸವರಿದರು,
ಹನ್ನೆರಡರ ಮೇಲೆ ಎರಡು ಸಲ.
'ಈಗ ಪೂರ್ತಿ ಅದೆ' ಅಂದು
ಮಡಚದೆ, ಎರಡೂ ಕೈಯಲ್ಲಿ ಹಿಡಿದು
ರಸ್ತೆ ದಾಟಿದರು.

ಮನೆಗೆ ಹೋದರೆ ಸಾವಂತ್ರಿ
ಬಚ್ಚಲಲ್ಲಿ ಬಿಸಿನೀರು ತೋಡಿಟ್ಟಿದ್ದಾಳೆ.
ಮೊಣಕೈವರೆಗೂ ಕಪ್ಪು ಪುಡಿ ನನಗೆ,
ಬಿಸಿ ತಾಗಿದರೆ ಚರ್ಮಕ್ಕೇ ಅಚ್ಚಾಗುತ್ತೆ.
ಹದಿನಾರು ವರ್ಷದಿಂದ ಹೇಳುತ್ತಿದ್ದೇನೆ,
ಹದಿನಾರು ವರ್ಷದಿಂದ ಮರೆಯುತ್ತಾಳೆ.
ತಣ್ಣೀರು ಕಣೇ,
ತಣ್ಣೀರು.