ಬೆನ್ನುಪುಟಕ್ಕೆ ನಾಲ್ಕು ಸಾಲು

ಪ್ರಕಾಶಕರ ಹುಡುಗ ಫೋನು ಮಾಡಿದ್ದ:
ಮೇಡಂ, ಬೆನ್ನುಪುಟಕ್ಕೆ ನಾಲ್ಕು ಸಾಲು ಬೇಕು,
ಹುಟ್ಟಿದ್ದು, ಓದಿದ್ದು, ಹವ್ಯಾಸ, ಮೆಚ್ಚಿನವರು.
ಸಂಜೆಯೊಳಗೆ ಹೇಳಿಬಿಡಿ.

ಹುಟ್ಟಿದ್ದು ಸುಲಭ, ವಾಣಿವಿಲಾಸ ಆಸ್ಪತ್ರೆ.
ಓದಿದ್ದೂ ಸುಲಭ, ಅರ್ಧಕ್ಕೆ ಬಿಟ್ಟ ಬಿ.ಎ.
ಹವ್ಯಾಸ ಎಂಬಲ್ಲಿ ಪೆನ್ನು ನಿಂತಿತು.
ಓದು, ಸಂಗೀತ, ಪ್ರವಾಸ ಎಂದು ಬರೆದು
ಹೊಡೆದುಹಾಕಿದೆ.
ಯಲಹಂಕ ದಾಟಿದರೆ ತಲೆನೋವು ನನಗೆ,
ಪ್ರವಾಸವಂತೆ.

ನಿಜ ಹೇಳಲೇ?
ಮಧ್ಯಾಹ್ನ ಎರಡೂವರೆಯ ಖಾಲಿ ಬಸ್ಸು ಇಷ್ಟ,
ಕಡೇ ಸೀಟಲ್ಲಿ ಕಂಡಕ್ಟರು ಚಿಲ್ಲರೆ ಎಣಿಸುವ ಸದ್ದು.
ಅವರೆಕಾಯಿ ಸುಲಿದು, ಸೊಗಡು ತೊಳೆಯದೆ
ಅದೇ ಬೆರಳಲ್ಲಿ ಬರೆಯಲು ಕೂರುವುದು.
ಆಸ್ಟಿನ್ ಟೌನ್ ಮೈದಾನದಲ್ಲಿ ಚೆಂಡು ಆ ಕಡೆ ಇದ್ದಾಗ
ಈ ಕಡೆಯ ಗೋಲಿ ಏನು ಮಾಡುತ್ತಾನೆ ನೋಡುವುದು.
ಒಮ್ಮೆ ಉಗುರು ಕಚ್ಚುತ್ತಿದ್ದ,
ಒಮ್ಮೆ ಬೆನ್ನು ತಿರುಗಿಸಿ ನಾಯಿಗೆ ಬನ್ನು ಹಾಕುತ್ತಿದ್ದ.

ಬೋರ್ಡುಗಳ ತಪ್ಪು ಕಾಗುಣಿತವೆಂದರೆ ಪ್ರಾಣ.
ಎರಡು ನೋಟುಬುಕ್ಕು ತುಂಬಿದೆ.
ಅದರಲ್ಲಿ ಮುತ್ತಿನಂಥದು, ಶಿವಾಜಿನಗರದ್ದು:
‘ಇಲ್ಲಿ ಹಳೇ ಚಿನ್ನ ಕೊಲ್ಲಲಾಗುವುದು.’

ಇಷ್ಟವಿಲ್ಲದ್ದು ಶಾಲು.
ಹದಿನೇಳಿವೆ. ಎರಡನ್ನು ಸುತ್ತಿ
ಬಾಗಿಲ ಸಂದಿಗೆ ಇಟ್ಟಿದ್ದೇನೆ, ಚಳಿಗಾಳಿಗೆ ಅಡ್ಡ.

ಇನ್ನು ಮೆಚ್ಚಿನವರು.
ದೊಡ್ಡ ಹೆಸರು ಹೇಳಬೇಕು, ಗೊತ್ತು.
ದೊಡ್ಡವರನ್ನು ಓದಿದ್ದೇನೆ, ಋಣಿ, ಕೈಮುಗಿದಿದ್ದೇನೆ.
ಕಣ್ಣು ಮುಚ್ಚಿದರೆ ಮಾತ್ರ ಬರುವವನು
ಬಳೇಪೇಟೆ ಹಿಂದಿನ ಓಣಿಯ ಗಂಗಹನುಮಯ್ಯ,
ಒಂಟಿ ಬಲ್ಬಿನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವನು.

ಮೊದಲ ಪುಸ್ತಕ, ಮೂವತ್ತೆರಡು ಪುಟ,
ಚೀಟಿ ಎತ್ತಿದ ದುಡ್ಡು.
ಆರನೇ ಪುಟಕ್ಕೆ ಕೈ ಒರೆಸಿಕೊಂಡು ಎದ್ದ:
‘ಅಮ್ಮಣ್ಣೀ, ಳ ಮುಗೀತು.’

ಮುಗಿಯೋದು ಅಂದರೇನು?
‘ಲಗ್ನದ ಕಾಲ. ಳ, ಳಿ, ಳು, ಎಲ್ಲಾ ಖಾನೆ ಖಾಲಿ.
ಬಂಧುಗಳು, ಹಿತೈಷಿಗಳು, ಆಶೀರ್ವಾದಗಳು,
ಎಲ್ಲಾ ಅಲ್ಲಿ ಹೋಗಿ ಕೂತವೆ.
ಬೇರೆ ಪದ ಕೊಡಿ. ಇಲ್ಲಾ, ಮುಹೂರ್ತ ಕಳೆಯೋಗಂಟ ಕಾಯಿರಿ.’

ಹತ್ತೊಂಬತ್ತು ವರ್ಷ ನನಗೆ. ಕವಿತೆ ಅಂದರೆ
ಏನಂದುಕೊಂಡಿರಿ ಎಂದು ಹಾರಾಡಿದೆ.
ಆಮೇಲೆ ಸ್ಟೂಲಿನ ಮೇಲೆ ಕೂತೆ.

ಮಳೆ ಹೋಗಿ ಹನಿಯಾಯಿತು.
ಬೆಳಕು ಹೋಗಿ ದೀಪ.
ಹೂವುಗಳೆಲ್ಲ ಉದುರಿ ಒಂದೇ ಹೂ.
‘ಅವಳು ಅಳುತ್ತಾಳೆ’ ಎಂಬಲ್ಲಿ
ಒಂದೇ ಉಸಿರಿಗೆ ಮೂರು ಳ.
ಕನ್ನಡಿಯ ಅಕ್ಷರ ಓದುವ ಕಣ್ಣಲ್ಲಿ ಅದನ್ನೇ ನೋಡಿ
ಗಂಗಹನುಮಯ್ಯ ಅಂದ:
‘ಆಕೆ ಮಾತಾಡಲಿಲ್ಲ ಅನ್ನಿ. ಸಾಕು.’

ಸಾಕಾಯಿತು.

ವಿಮರ್ಶಕರು ಸಂಯಮ ಎಂದರು, ಮಿತವ್ಯಯ ಎಂದರು.
ಬಹುವಚನ ಬಿಟ್ಟದ್ದಕ್ಕೆ ದರ್ಶನ ಹುಡುಕಿದರು.
ಎಂ.ಫಿಲ್. ಹುಡುಗಿಯೊಬ್ಬಳು ಅಧ್ಯಾಯವನ್ನೇ ಬರೆದಳು,
‘ಏಕವಚನದ ಏಕಾಂತ’.
ನಾನು ತಲೆಯಾಡಿಸಿದೆ. ಶಾಲು ಹೊದಿಸಿಕೊಂಡೆ.

ಪುಸ್ತಕ ಕೊಟ್ಟರೆ ಅವನು ತೆರೆಯಲಿಲ್ಲ.
ಜೋಡಿಸಿದ ಮೇಲೆ ಓದೋದೇನಿದೆ,
ಬೆರಳಿಗೆ ಗೊತ್ತದೆ ಎಂದ.
ಪ್ರೆಸ್ಸು ಮುಚ್ಚಿದ ವರ್ಷ ಓಡಿಹೋಗಿ
ನೆನಪಿಗೊಂದು ಳ ಕೊಡು ಎಂದು ಕೇಳಿದೆ.
ಎಲ್ಲಾ ತೂಕಕ್ಕೆ ಹೋಯಿತು ಎಂದು
ಸೀಸದ ರೇಟು ಹೇಳಿದ.

ಈಗ ಕಂಪ್ಯೂಟರಿನಲ್ಲಿ ಳ ಮುಗಿಯುವುದೇ ಇಲ್ಲ.
ಒಂದು ರಾತ್ರಿ ಕೀಲಿ ಒತ್ತಿ ಹಿಡಿದು
ಪುಟದ ತುಂಬ ಮಳೆ ಮಳೆ ಮಳೆ ಎಂದು ಬರೆದೆ.
ಒಂದು ಹನಿಯೂ ಬೀಳಲಿಲ್ಲ.

ಸಂಜೆ. ಮತ್ತೆ ಹುಡುಗನ ಫೋನು.
ಹವ್ಯಾಸ ಓದು ಅಂತ ಹಾಕಪ್ಪ.
‘ಮೆಚ್ಚಿನವರು ಮೇಡಂ?’
ಒಬ್ಬರೇ. ಬರೆದುಕೋ, ಗಂಗಹನುಮಯ್ಯ.
‘ಯಾವ ಕಾಲದ ಕವಿ ಮೇಡಂ?
ಕಾಗುಣಿತ ಹೇಳಿ, ಕಡೇಲಿ ಅಯ್ಯಾನಾ, ಅಯ್ಯನಾ?
ನಡುವೆ ಳ ಏನಾದ್ರೂ ಬರುತ್ತಾ?’

ಇಲ್ಲಪ್ಪ.
ಆ ಹೆಸರಿನಲ್ಲಿ ಅದು ಮೊದಲಿಂದಲೂ ಇಲ್ಲ.