ಹತ್ತೊಂಬತ್ತನೆಯ ಪುಟದ ಹೊಲಿಗೆ

ಪುಸ್ತಕ ಬರೆದವರೇ,
ನಿಮ್ಮ ಕುರಿಮರಿ ಕ್ಷೇಮ.
ಬೆನ್ನಿನ ರಟ್ಟು ಬಿಟ್ಟುಕೊಂಡಿತ್ತು, ಅಂಟು ಹಾಕಿದ್ದೇನೆ.
ನಮ್ಮ ಶಾಲೆಗೆ ಬಂದದ್ದು ಒಟ್ಟು ನಲವತ್ತು ಪುಸ್ತಕ
ಉಲಾನ್‌ಬಾತರಿನಿಂದ, ಹಿಟ್ಟಿನ ಮೂಟೆಗಳ ಜೊತೆ, ಒಂದೇ ಲಾರಿಯಲ್ಲಿ.
ಪುಟ ಬಿಡಿಸಿದರೆ ಇವತ್ತಿಗೂ ಮೈದಾ ಉದುರುತ್ತದೆ.
ಎಲ್ಲದರ ಹಿಂಬದಿಗೂ ಒಂದೇ ಮಾತು ಅಚ್ಚಾಗಿತ್ತು:
ಎದೆಗುಂದದ ಮಕ್ಕಳಿಗಾಗಿ.

ಅಂಥವರು ನಮ್ಮಲ್ಲಿ ಯಾರು ಯಾರಿದ್ದಾರೆಂದು
ಪಟ್ಟಿ ಮಾಡಲು ಕೂತೆ.
ಒಲೆಗೆ ಸಗಣಿ ಒಟ್ಟುವಷ್ಟರಲ್ಲಿ ಪಟ್ಟಿ ಮರೆತೆ.

ಆ ಚಳಿಗಾಲ ಝೂದ್ ಬಂದಿತ್ತು.
ನಿಮಗೂ ಗೊತ್ತಿರಬೇಕು, ನಿಮ್ಮ ಕಥೆಯಲ್ಲೂ ಹಿಮ ಬೀಳುತ್ತದೆ,
ಹತ್ತಿಯ ಹಾಗೆ.
ಇಲ್ಲಿ ಬಿದ್ದದ್ದು ಒಂದು ಮಧ್ಯಾಹ್ನ ಕರಗಿ
ರಾತ್ರಿ ಮತ್ತೆ ಹೆಪ್ಪುಗಟ್ಟಿ
ಬಯಲಿಗೆಲ್ಲ ಗಾಜು ಹೊದಿಸಿತು.
ಕುರಿಗಳು ಗೊರಸಿನಿಂದ ಕೆರೆದವು, ಕೆರೆದವು.
ಕೆಳಗೆ ಹುಲ್ಲು ಕಾಣುತ್ತಿತ್ತು.
ಕಷ್ಟ ಅದೇ, ಕಾಣುತ್ತಿತ್ತು.

ಮಿಚಿದ್ಮಾ ವಸತಿನಿಲಯಕ್ಕೆ ಮರಳಿದ್ದು
ರಜೆ ಮುಗಿದು ಎರಡು ವಾರಕ್ಕೆ.
ಮುನ್ನೂರ ಹನ್ನೆರಡು, ಎಂದಳು.
ಎಷ್ಟು ಉಳಿದವೆಂದು ನಾನು ಕೇಳಲಿಲ್ಲ.
ನಿಮ್ಮ ಪುಸ್ತಕವನ್ನು ನಿಂತೇ ಓದಿದಳು,
ಕೋಟಿನ ಗುಂಡಿ ಬಿಚ್ಚದೆ, ಕೊನೆಯವರೆಗೆ.
ಇಪ್ಪತ್ತೈದನೆಯ ಪುಟದಲ್ಲಿ ಸೂರ್ಯ ಹುಟ್ಟುತ್ತಾನಲ್ಲ,
ಮರಿಯ ದನಿ ಕೇಳಿ ತಾಯಿ ಓಡಿ ಬರುತ್ತದಲ್ಲ,
ಅಲ್ಲಿ ನಿಲ್ಲಿಸಿ ನನ್ನನ್ನು ನೋಡಿದಳು.
"ಸುಳ್ಳು. ದನಿ ಕೇಳಿದರೆ ಆಗುವುದಿಲ್ಲ, ಮೂಸಬೇಕು.
ಇದನ್ನು ಬರೆದವರಿಗೆ ಮೂಗಿಲ್ಲ."

ಮರುದಿನ ಬೆಳಿಗ್ಗೆ ಪುಸ್ತಕ ಕಪಾಟಿನಲ್ಲೇ ಇತ್ತು,
ಕೊನೆಯ ಆರು ಪುಟಗಳು ಒಂದಾಗಿ.
ಜಮಖಾನದ ಸೂಜಿ, ಒಂಟೆಯುಣ್ಣೆಯ ದಾರ,
ಅಂಚಿಗೆ ಅಂಚು ಕೂಡಿಸಿ ಬಿಗಿಯಾದ ಹೊಲಿಗೆ.
ಈಗ ಕಥೆ ಮುಗಿಯುವುದು ಹತ್ತೊಂಬತ್ತರಲ್ಲಿ:
ಗಾಳಿ. ಮರಿ. ನಾಲ್ಕು ಕಾಲ ಮೇಲೆ ನಿಂತಿದೆ.
ಯಾರೂ ಬಂದಿಲ್ಲ.
ಬಿದ್ದೂ ಇಲ್ಲ.

ಇಲಾಖೆಯವರು ಲೆಕ್ಕಕ್ಕೆ ಬಂದರು.
ಹಾನಿ ಎಂಬ ಖಾನೆಯನ್ನು ಖಾಲಿ ಬಿಟ್ಟು
ಪಕ್ಕದ ಖಾನೆಯಲ್ಲಿ ಬರೆದೆ: ದುರಸ್ತಿಯಾಗಿದೆ.

ಆಶ್ಚರ್ಯ ಕೇಳಿ, ಆಮೇಲೆಯೇ ಅದನ್ನು ಎಲ್ಲರೂ ಒಯ್ದದ್ದು.
ಅಡುಗೆಯವಳ ಮಗ ಒಯ್ದ. ಮಾತಾಡದ ಅವಳಿಗಳು ಒಯ್ದರು.
ನಿಂತಿರುವ ಮರಿಯ ಮೇಲೆ ಬೆರಳಿನ ಕಲೆಗಳು,
ಜಿಡ್ಡು, ಚಹಾ, ಸ್ವಲ್ಪ ಸಿಂಬಳ.
ಉಳಿದ ಮೂವತ್ತೊಂಬತ್ತರಲ್ಲಿ
ಮೈದಾ ಹಾಗೇ ಇದೆ.

ಮೊದಲ ತರಗತಿಗೆ ಎನೆಬಿಷ್ ಎಂಬವನು ಸೇರಿದ್ದಾನೆ, ಆರು ವರ್ಷ.
ಎನೆಬಿಷ್ ಎಂದರೆ 'ಇದಲ್ಲ'.
ಮುಂಚೆ ಹುಟ್ಟಿದವು ಉಳಿಯದ ಮನೆಗಳಲ್ಲಿ
ಸಾವಿಗೆ ಗುರಿ ತಪ್ಪಲೆಂದು ಇಡುವ ಹೆಸರು.
ಹಗಲೆಲ್ಲ ಕುಣಿಯುತ್ತಾನೆ. ದೀಪ ಆರಿದ ಮೇಲೆ
ಅಮ್ಮ ಬೇಕು ಎಂದು ಗೋಡೆಗೆ ತಿರುಗುತ್ತಾನೆ.
ಒಂದು ರಾತ್ರಿ ನಾನು ಎದ್ದು ಹೋಗುವ ಮೊದಲೇ
ಕತ್ತಲಲ್ಲಿ ಮಿಚಿದ್ಮಾಳ ದನಿ ಕೇಳಿತು:
ತೋಯ್ಗ್, ತೋಯ್ಗ್, ತೋಯ್ಗ್.
ಮರಿಯನ್ನು ಒಲ್ಲದ ಕುರಿಯ ಮುಂದೆ ಕೂತು
ಗಂಟೆಗಟ್ಟಲೆ ಹೇಳುತ್ತೇವೆ ಅದನ್ನು,
ಕುರಿ ಕರಗಿ ಮೊಲೆ ಕೊಡುವ ತನಕ.
ಮುನ್ನೂರ ಹನ್ನೆರಡು ಹೋದ ಮೇಲೂ
ನಾಲಿಗೆಯ ಮೇಲೆ ಅದು ಉಳಿದಿತ್ತು.

ಮೊನ್ನೆ ಎನೆಬಿಷ್ ಹೊಲಿದ ಪುಟಗಳ ಸಂದಿಗೆ ಕಣ್ಣಿಟ್ಟ.
"ಒಳಗೆ ಒಂದು ಕಿವಿ ಇದೆ."
"ಯಾರದ್ದು?" ಅವಳು ತಲೆಯೆತ್ತಲಿಲ್ಲ.
"ಗೊತ್ತಿಲ್ಲ. ದೊಡ್ಡದು."
ಸ್ವಲ್ಪ ಹೊತ್ತು ಸುಮ್ಮನಿದ್ದು, ಹಲ್ಲಿನಿಂದ
ಒಂದು ಹೊಲಿಗೆ ಕಡಿದಳು. ಒಂದೇ.
ನಾನು ಕಿಟಕಿ ಒರೆಸುತ್ತಿದ್ದೆ, ನೋಡಲಿಲ್ಲ.

ಇಷ್ಟಕ್ಕೇ ಬರೆದೆ. ಮುಂದಿನ ಮುದ್ರಣ ಆಗುವುದಾದರೆ
ಆ ತಾಯಿಕುರಿಗೆ ಮೂಗು ಬರೆಸಿ, ದೊಡ್ಡದಾಗಿ, ಒದ್ದೆಯಾಗಿ.
ಲಾರಿ ಜೂನಿನಲ್ಲಿ ಬರುತ್ತದಂತೆ.
ಹಿಟ್ಟು ಮರೆಯದಿರಲಿ.